ವಂಕಿ ಇದ್ದೂ ಬಸಿರಾದೆ, ಗರ್ಭಪಾತದ ಬಿಲ್ಲಿಗೆ ಇನ್ಶೂರೆನ್ಸ್ ಬರಲಿಲ್ಲ. ಮುಂದೇನು?

ಪ್ರಶ್ನೆ: ನನಗೆ 32 ವರ್ಷ. ಬೆಳಗಾವಿಯ ಉದ್ಯಮಬಾಗ್‌ನ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಇಬ್ಬರು ಮಕ್ಕಳಿದ್ದಾರೆ. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡಿದ್ದರೂ ಗರ್ಭ ನಿಂತಿತು. ನಾನು, ನನ್ನ ಗಂಡ ಮಾತಾಡಿಕೊಂಡು ಎಂಟನೇ ವಾರದಲ್ಲಿ ಒಂದು ನರ್ಸಿಂಗ್ ಹೋಮ್‌ನಲ್ಲಿ ತೆಗೆಸಿದೆವು. ಬಿಲ್ಲು 24 ಸಾವಿರ ಆಯಿತು. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಹೆರಿಗೆ ಸೌಲಭ್ಯ ಇದೆ, ಆದರೂ ‘ಇದು ಪಾಲಿಸಿಯಲ್ಲಿ ಬರುವುದಿಲ್ಲ’ ಅಂತ ಟಿಪಿಎಯಿಂದ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಏಜೆನ್ಸಿಯಿಂದ, ಒಂದೇ ಸಾಲಿನ ಮೇಲ್ ಬಂತು. ಅದೇ ಪಾಲಿಸಿಯಲ್ಲಿ ಅತ್ತೆ, ಮಾವನ ಹೆಸರೂ ಇದೆ. ಅವರಿಗೆ ಗೊತ್ತಾಗುತ್ತದಾ? ಜಮಖಂಡಿಯಲ್ಲಿರುವ ನನ್ನ ತಂಗಿಗೆ ಯಾವ ಇನ್ಶೂರೆನ್ಸೂ ಇಲ್ಲ, ಬಿಪಿಎಲ್ ಕಾರ್ಡು ಮಾತ್ರ ಇದೆ. ನಾಳೆ ಅವಳಿಗೆ ಹೀಗಾದರೆ ಏನು ಗತಿ? ಹಣ ಬರಲಿಲ್ಲ ಅಂದರೆ ನಾವು ಮಾಡಿದ್ದೇ ತಪ್ಪಾ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ನೀವು ತಪ್ಪು ಮಾಡಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಗರ್ಭನಿರೋಧಕ ಕೈಕೊಟ್ಟರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ವಂಕಿ ಇದ್ದೂ ಗರ್ಭ ನಿಲ್ಲುವುದು ನೇರವಾಗಿ ಇದೇ ಕಾರಣದಲ್ಲಿ ಬರುತ್ತದೆ. 18 ವರ್ಷ ದಾಟಿದ ಹೆಣ್ಣುಮಗಳ ಸ್ವಂತ ಒಪ್ಪಿಗೆ ಇದ್ದರೆ ಆಯಿತು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ನಮ್ಮ ಕಡೆ ಎಷ್ಟೋ ಆಸ್ಪತ್ರೆಗಳು ಈಗಲೂ ಕೇಳುತ್ತವೆ, ಆ ಮಾತು ಬೇರೆ. ನಿಮಗೆ ಗಂಡನ ಬೆಂಬಲ ಇತ್ತು. ಇಲ್ಲದಿದ್ದರೂ ನಿಮ್ಮ ಹಕ್ಕು ಕಡಿಮೆ ಆಗುತ್ತಿರಲಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕ್ಲೇಮು ರಿಜೆಕ್ಟ್ ಆದ ಪತ್ರ ಕೈಗೆ ಬಂದಾಗ ತುಂಬ ಹೆಣ್ಣುಮಕ್ಕಳು ಅದನ್ನು ತಮ್ಮ ಮೇಲಿನ ತೀರ್ಪು ಅಂದುಕೊಂಡು ಸುಮ್ನೆ ಕೂತುಬಿಡುತ್ತಾರೆ. ಯಾರ ಹತ್ತಿರವೂ ಕೇಳುವುದಿಲ್ಲ. ನಾಚಿಕೆ, ಭಯ ಎರಡೂ ಸೇರಿಕೊಳ್ಳುತ್ತವೆ. ಗರ್ಭಪಾತ ಮಾಡಿಸಿಕೊಳ್ಳಬಹುದಾ ಅನ್ನುವುದನ್ನು ಕಾಯ್ದೆ ಹೇಳುತ್ತದೆ. ಅದರ ಖರ್ಚು ಯಾರು ಕೊಡಬೇಕು ಅನ್ನುವುದನ್ನು ಪಾಲಿಸಿಯ ಕಾಗದ ಹೇಳುತ್ತದೆ. ಎರಡನ್ನೂ ಬೇರೆ ಇಡಿ.

ಈಗ ಆ ಕಾಗದಕ್ಕೆ ಬರೋಣ. ಆರೋಗ್ಯ ಪಾಲಿಸಿಗಳಲ್ಲಿ ಯಾವ ಖರ್ಚನ್ನು ಹೊರಗಿಡಬಹುದು ಅನ್ನುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಒಂದೇ ಮಾದರಿಯ ಪಟ್ಟಿ ಮಾಡಿದೆ. 2020ರ ಅಕ್ಟೋಬರ್‌ನಿಂದ ಹೊಸ ಪಾಲಿಸಿಗಳಲ್ಲಿ ಅದೇ ಪಟ್ಟಿ, ಅದೇ ನಂಬರು ಇರುತ್ತದೆ. ನಿಮಗೆ ಬೇಕಾದದ್ದು ಎರಡು ನಂಬರು. 17ರಲ್ಲಿ ಗರ್ಭನಿರೋಧಕ, ಸಂತಾನಹರಣ ಆಪರೇಷನ್, ಬಂಜೆತನದ ಚಿಕಿತ್ಸೆ, ಐವಿಎಫ್, ಬಾಡಿಗೆ ತಾಯ್ತನ ಎಲ್ಲವೂ ಹೊರಗೆ. 18ರಲ್ಲಿ ಹೆರಿಗೆ, ಸಿಸೇರಿಯನ್ ಹೊರಗೆ. ಅಪಘಾತದಿಂದ ಆಗದ ಗರ್ಭಸ್ರಾವ ಹೊರಗೆ. ಕಾನೂನುಬದ್ಧ ಗರ್ಭಪಾತವೂ ಹೊರಗೆ. ಅಂದರೆ ಹೆರಿಗೆ ಸೌಲಭ್ಯ ಸೇರಿಸದ ಸಾದಾ ಪಾಲಿಸಿ ತಗೊಂಡರೆ, ಹೆಣ್ಣಿನ ಬದುಕಿನ ಇಷ್ಟು ದೊಡ್ಡ ಭಾಗ ಆ ಪಾಲಿಸಿಯಲ್ಲಿ ಇಲ್ಲವೇ ಇಲ್ಲ. ಪ್ರೀಮಿಯಂ ಮಾತ್ರ ಪೂರ್ತಿ ಕಟ್ಟಬೇಕು. ಇದು ನನಗೆ ಸರಿ ಅನ್ನಿಸುವುದಿಲ್ಲ. ಆದರೆ ಇವತ್ತು ಇರುವ ನಿಯಮ ಇದು.

18ರಲ್ಲೇ ಒಂದು ವಿನಾಯಿತಿ ಇದೆ, ಅದನ್ನು ಗಟ್ಟಿಯಾಗಿ ನೆನಪಿಡಿ. ಗರ್ಭ ಗರ್ಭಚೀಲದೊಳಗೆ ನಿಲ್ಲದೆ ನಾಳದಲ್ಲಿ ನಿಂತಿದ್ದರೆ, ಅಂದರೆ ಎಕ್ಟೋಪಿಕ್ ಆಗಿದ್ದರೆ, 18ನೇ ನಂಬರಿನ ಹೆಸರಲ್ಲಿ ಅದನ್ನು ಹೊರಗಿಡುವಂತಿಲ್ಲ. ಸಾದಾ ಪಾಲಿಸಿಯಲ್ಲೂ ಅಷ್ಟೇ. ನಾಳ ಒಡೆದರೆ ಜೀವಕ್ಕೇ ಅಪಾಯ ಇರುವ ಸ್ಥಿತಿ ಅದು. ವಿಜಯಪುರದ ಒಬ್ಬ ಶಿಕ್ಷಕಿಯ ಕಡತ ನನ್ನ ಹತ್ತಿರ ಬಂದಿತ್ತು. ರಾತ್ರೋರಾತ್ರಿ ಆಪರೇಷನ್ ಆಗಿದೆ. ಡಿಸ್ಚಾರ್ಜ್ ಸಮರಿಯಲ್ಲಿ ಎಕ್ಟೋಪಿಕ್ ಅಂತ ಸ್ಪಷ್ಟವಾಗಿ ಇದೆ. ಆದರೂ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತಿದ್ದವರು ‘ಬಸಿರಿಂದು ಬರಂಗಿಲ್ರಿ ಮೇಡಂ’ ಅಂದುಬಿಟ್ಟಿದ್ದರು. ಫಾರ್ಮಿನಲ್ಲಿ ಕಾಯಿಲೆ ಬರೆಯುವ ಜಾಗದಲ್ಲಿ ಬರೀ ‘ಗರ್ಭಧಾರಣೆಗೆ ಸಂಬಂಧಿಸಿದ್ದು’ ಅಂತ ಬರೆದಿದ್ದರು. ಅಲ್ಲಿಗೆ ಕ್ಯಾಶ್‌ಲೆಸ್ ಹೋಯಿತು. ಮನೆಯವರು ಒಡವೆ ಅಡವಿಟ್ಟು ಬಿಲ್ಲು ಕಟ್ಟಿದರು. ಆಮೇಲೆ ಸ್ಕ್ಯಾನ್ ವರದಿ, ತೆಗೆದ ನಾಳದ ಪ್ಯಾಥಾಲಜಿ ವರದಿ, ಡಾಕ್ಟರ ಒಂದು ಪುಟದ ಪತ್ರ, ಜೊತೆಗೆ 18ನೇ ನಂಬರಿನ ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕಳಿಸಿದೆವು. ಹಣ ಬಂತು. ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ಓಂಬುಡ್ಸ್‌ಮನ್ ತನಕ ಹೋಗುವ ಪ್ರಸಂಗವೇ ಬರಲಿಲ್ಲ. ಇಂಥ ಎಷ್ಟು ಕ್ಲೇಮುಗಳು ಕೌಂಟರಿನಲ್ಲೇ ಸತ್ತುಹೋಗುತ್ತವೆಯೋ ಅಂತ ಆಗಾಗ ಯೋಚನೆ ಬರುತ್ತದೆ.

ನಿಮ್ಮದು ಸಾದಾ ಪಾಲಿಸಿ ಅಲ್ಲ, ಹೆರಿಗೆ ಸೌಲಭ್ಯ ಸೇರಿಸಿದ ಗ್ರೂಪ್ ಪಾಲಿಸಿ. ಇಲ್ಲಿ ಲೆಕ್ಕ ಬದಲಾಗುತ್ತದೆ. ಐಆರ್‌ಡಿಎಐ ‘ಹೆರಿಗೆ ವೆಚ್ಚ’ ಅನ್ನುವುದಕ್ಕೆ ಕೊಟ್ಟ ಅರ್ಥದಲ್ಲೇ ಎರಡು ಭಾಗ ಇದೆ: ಒಂದು ಹೆರಿಗೆಯ ಖರ್ಚು, ಇನ್ನೊಂದು ಪಾಲಿಸಿ ಅವಧಿಯಲ್ಲಿ ಮಾಡಿಸಿದ ಕಾನೂನುಬದ್ಧ ಗರ್ಭಪಾತದ ಖರ್ಚು. ಹೀಗಾಗಿ ಹೆರಿಗೆ ಸೌಲಭ್ಯ ಇರುವ ಪಾಲಿಸಿಯಲ್ಲಿ ಗರ್ಭಪಾತವೂ ಒಳಗೆ ಬರಬೇಕು. ಹಾಗಾದರೆ ನಿಮ್ಮದು ಯಾಕೆ ರಿಜೆಕ್ಟ್ ಆಯಿತು?

ಪಾಲಿಸಿಯ ಪೂರ್ತಿ ಕಾಗದ ನೋಡದೆ ಖಡಾಖಂಡಿತ ಹೇಳುವುದು ಸರಿಯಲ್ಲ. ಆದರೆ ಕಾರಣ ಎಲ್ಲಿರಬಹುದು ಅಂತ ಊಹೆ ಇದೆ. ಹಲವು ಗ್ರೂಪ್ ಪಾಲಿಸಿಗಳ ಹೆರಿಗೆ ಷರತ್ತುಗಳಲ್ಲಿ ಹಳೇ ಕಾಲದಿಂದ ಒಂದು ಸಾಲು ಉಳಿದುಕೊಂಡಿದೆ: ಗರ್ಭ ನಿಂತ ಮೊದಲ 12 ವಾರದೊಳಗೆ ಸ್ವಇಚ್ಛೆಯಿಂದ ಮಾಡಿಸಿದ ಗರ್ಭಪಾತದ ಖರ್ಚು ಕೊಡುವುದಿಲ್ಲ ಅಂತ. ಅದರ ಪಕ್ಕದಲ್ಲೇ ‘ಮೊದಲ ಎರಡು ಮಕ್ಕಳಿಗೆ ಮಾತ್ರ’ ಅನ್ನುವ ಸಾಲೂ ಇರುತ್ತದೆ. ನಿಮಗೆ ಎಂಟನೇ ವಾರ, ಮೇಲಾಗಿ ಇಬ್ಬರು ಮಕ್ಕಳು. ಈ ಎರಡರಲ್ಲಿ ಒಂದನ್ನು ಹಿಡಿದಿರಬೇಕು.

ಈ 12 ವಾರದ ಸಾಲನ್ನು ಸ್ವಲ್ಪ ನಿಂತು ನೋಡಿ. ಗರ್ಭಪಾತ ಎಷ್ಟು ಬೇಗ ಆದರೆ ಅಷ್ಟು ಸುರಕ್ಷಿತ, ಖರ್ಚೂ ಕಡಿಮೆ. ಒಂಬತ್ತು ವಾರದವರೆಗೆ ಗುಳಿಗೆಯಲ್ಲೇ ಆಗುತ್ತದೆ, ಆಸ್ಪತ್ರೆಯಲ್ಲಿ ಮಲಗುವ ಕೆಲಸವೇ ಇಲ್ಲ. ಡಾಕ್ಟರು ಹೇಳುವುದೂ ‘ತಡ ಮಾಡಬೇಡಿ’ ಅಂತ. ಆದರೆ ಈ ಷರತ್ತು ಬೇಗ ಬಂದವಳಿಗೇ ಹಣ ಇಲ್ಲ ಅನ್ನುತ್ತದೆ. ದುಡ್ಡಿಲ್ಲದ ಹೆಣ್ಣುಮಗಳು ಇದನ್ನು ಓದಿ ಹದಿಮೂರನೇ ವಾರದ ತನಕ ಕಾಯ್ದರೆ ಅದರ ಹೊಣೆ ಯಾರದು? ಕಂಪನಿಗಳು ಪ್ರತಿ ವರ್ಷ ಪಾಲಿಸಿ ರಿನ್ಯೂ ಮಾಡುವಾಗ ಈ ಸಾಲನ್ನು ತೆಗೆಸಬಹುದು. ಗ್ರೂಪ್ ಪಾಲಿಸಿ ಅಂದರೆ ಮಾತುಕತೆಯಿಂದ ಆಗುವ ಒಪ್ಪಂದ. ಕೇಳುವವರಿಲ್ಲ, ಅದಕ್ಕೆ ಉಳಿದಿದೆ. ನಿಮ್ಮ ಎಚ್‌ಆರ್‌ಗೆ ಈ ಮಾತು ಹೇಳಲು ನಿಮ್ಮ ಸ್ವಂತ ಕಥೆ ಹೇಳಬೇಕಾಗಿಲ್ಲ. ರಿನ್ಯೂವಲ್‌ಗೆ ಎರಡು ತಿಂಗಳು ಮುಂಚೆ ನಾಲ್ಕೈದು ಮಹಿಳಾ ಸಿಬ್ಬಂದಿ ಸೇರಿ ‘ಹೆರಿಗೆ ಷರತ್ತಿನ ಈ ಸಾಲು ತೆಗೆಸಿ’ ಅಂತ ಒಂದು ಅರ್ಜಿ ಕೊಟ್ಟರೆ ಸಾಕು.

ಗರ್ಭದಲ್ಲೇ ಎದೆಬಡಿತ ನಿಂತು ಕ್ಲೀನ್ ಮಾಡಿಸಿದ್ದರೆ ಅದು ಸ್ವಇಚ್ಛೆಯದಲ್ಲ, 12 ವಾರದ ಷರತ್ತು ಅದಕ್ಕೆ ಹತ್ತುವುದಿಲ್ಲ. ಅಂಥವರು ಡಿಸ್ಚಾರ್ಜ್ ಸಮರಿಯಲ್ಲಿ ಅದನ್ನು ಬಿಡಿಸಿ ಬರೆಸಿಕೊಳ್ಳಬೇಕು. ಇನ್ನು ‘ಬೇರೆ ಏನಾದರೂ ಬರೆಸಿಕೊಂಡು ಬನ್ನಿ, ಪಾಸ್ ಆಗುತ್ತದೆ’ ಅಂತ ನಿಮಗೆ ಯಾರಾದರೂ ಹೇಳಿರಬಹುದು. ದಯವಿಟ್ಟು ಬೇಡ. ಸುಳ್ಳು ದಾಖಲೆ ಕೊಟ್ಟಿದ್ದು ಗೊತ್ತಾದರೆ ಈ ಕ್ಲೇಮಿನ ಜೊತೆ ಪಾಲಿಸಿಯಲ್ಲಿನ ನಿಮ್ಮ ರಕ್ಷಣೆಯೇ ಹೋಗಬಹುದು, ಅತ್ತೆ ಮಾವನದೂ ಹೋಗಬಹುದು.

ಈಗ ನೀವು ಮಾಡಬೇಕಾದದ್ದು. ಆ ಒಂದು ಸಾಲಿನ ಮೇಲ್ ಇದೆಯಲ್ಲ, ಅದು ಸರಿಯಾದ ರಿಜೆಕ್ಷನ್ ಪತ್ರವೇ ಅಲ್ಲ. 2024ರ ಮೇ ತಿಂಗಳಲ್ಲಿ ಐಆರ್‌ಡಿಎಐ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ, ವಿಮಾ ಕಂಪನಿಯ ಒಳಗಿನ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಕ್ಲೇಮು ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬಿಡಿಸಿ ತಿಳಿಸಬೇಕು. ಟಿಪಿಎ ಮಧ್ಯವರ್ತಿ ಅಷ್ಟೇ, ತೀರ್ಮಾನ ವಿಮಾ ಕಂಪನಿಯದು. ಹಾಗಾಗಿ ವಿಮಾ ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿ. ಉದ್ದ ಕಥೆ ಬೇಡ. ಕ್ಲೇಮು ನಂಬರು ಹಾಕಿ ಮೂರು ಮಾತು ಕೇಳಿ: ಯಾವ ಷರತ್ತಿನಡಿ ತಿರಸ್ಕರಿಸಿದಿರಿ, ಸಮಿತಿ ಒಪ್ಪಿದೆಯಾ, ಹೆರಿಗೆ ವೆಚ್ಚದ ಅರ್ಥದಲ್ಲಿ ಕಾನೂನುಬದ್ಧ ಗರ್ಭಪಾತ ಇರುವಾಗ ಇದು ಹೇಗೆ ಹೊರಗಾಯಿತು. ಜೊತೆಗೆ ಎಚ್‌ಆರ್‌ನಿಂದ ಪಾಲಿಸಿಯ ಪೂರ್ತಿ ಷರತ್ತಿನ ಪ್ರತಿ ಕೇಳಿ ತಗೊಳ್ಳಿ. ಸಿಬ್ಬಂದಿಗೆ ಹಂಚುವ ಎರಡು ಪುಟದ ಪಾಂಪ್ಲೆಟ್ ಅಲ್ಲ, ಮೂಲ ಕಾಗದ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಬೆಳಗಾವಿಯಿಂದ ರೈಲು ಹತ್ತಬೇಕಾಗಿಲ್ಲ. ಶುಲ್ಕ ಇಲ್ಲ, ವಕೀಲರ ಅಗತ್ಯವೂ ಇಲ್ಲ. ಗ್ರೂಪ್ ಪಾಲಿಸಿಯ ದೂರನ್ನೂ ತಗೊಳ್ಳುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಅದನ್ನು ಮರೆಯಬೇಡಿ. ಅದೂ ಆಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ ಇದೆ, ಅಲ್ಲಿಗೆ ಎರಡು ವರ್ಷದ ಗಡುವು. ಗೆಲ್ಲುತ್ತೀರಾ? ಷರತ್ತಿನಲ್ಲಿ 12 ವಾರದ ಸಾಲು ಸ್ಪಷ್ಟವಾಗಿ ಇದ್ದರೆ ಹಾದಿ ಕಷ್ಟ, ಸುಳ್ಳು ಭರವಸೆ ಕೊಡಲಾರೆ. ಆ ಸಾಲು ಇಲ್ಲದೆ ಸುಮ್ನೆ ‘ಬರುವುದಿಲ್ಲ’ ಅಂದಿದ್ದರೆ ನಿಮ್ಮ ಕಡೆ ಬಲ ಇದೆ. 24 ಸಾವಿರಕ್ಕೆ ಇಷ್ಟೆಲ್ಲ ಯಾಕೆ ಅಂತ ಅನ್ನಿಸಬಹುದು. ನಿಮ್ಮ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ ಇದ್ದೀತು ಅದು, ಅಲ್ವಾ? ಕೇಳುವುದರಲ್ಲಿ ಸಂಕೋಚ ಬೇಡ.

ಹಣ ಬರಲಿ, ಬಿಡಲಿ, ಇನ್ನೊಂದು ಹಕ್ಕು ನಿಮ್ಮ ಕೈಯಲ್ಲೇ ಇದೆ. ಗರ್ಭಸ್ರಾವ ಅಥವಾ ವೈದ್ಯಕೀಯ ಗರ್ಭಪಾತ ಆದವರಿಗೆ ಆರು ವಾರ ಸಂಬಳ ಸಹಿತ ರಜೆ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ಹಕ್ಕು ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ನೀವು ಎರಡು ದಿನ ಸಿಎಲ್ ಹಾಕಿ ವಾಪಸ್ ಹೋಗಿದ್ದೀರಿ ಅಂತ ನನ್ನ ಅನುಮಾನ, ಯಾಕೆಂದರೆ ಎಲ್ಲರೂ ಹಾಗೇ ಮಾಡುತ್ತಾರೆ. ರಜೆಗಾಗಿ ನೀವು ಕೇಳಿದರೆ ಡಾಕ್ಟರು ಸರ್ಟಿಫಿಕೇಟ್ ಕೊಡಬಹುದು ಅಂತ ಎಂಟಿಪಿ ನಿಯಮಾವಳಿಯಲ್ಲೇ ಇದೆ. ಅದನ್ನು ನೋಡಿದ ಮಾಲೀಕರು ಇನ್ನೊಬ್ಬರಿಗೆ ಹೇಳುವಂತಿಲ್ಲ ಅಂತಲೂ ಅಲ್ಲೇ ಇದೆ. ನಿಮ್ಮ ಕಾರ್ಖಾನೆಯಲ್ಲಿ ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವ ಹೆಣ್ಣುಮಕ್ಕಳಿದ್ದರೆ ಅವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುತ್ತದೆ. ಅವರಿಗೆ ಇದೇ ಆರು ವಾರದ ಹಣವನ್ನು ಇಎಸ್‌ಐಯೇ ಕೊಡುತ್ತದೆ, ಹಿಂದಿನ ಎರಡು ಕಾಂಟ್ರಿಬ್ಯೂಷನ್ ಅವಧಿಗಳಲ್ಲಿ 70 ದಿನದ ಕಂತು ಕಟ್ಟಿರಬೇಕು ಅಷ್ಟೇ. ಚಿಕಿತ್ಸೆಗೆ ಬೆಳಗಾವಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಪ್ರತಿ ತಿಂಗಳು ಸಂಬಳದಲ್ಲಿ 0.75 ಪರ್ಸೆಂಟ್ ಮುರಿಸಿಕೊಳ್ಳುವ ಎಷ್ಟೋ ಜನರಿಗೆ ಅದರಲ್ಲಿ ಗರ್ಭಪಾತದ ರಜೆಯೂ ಇದೆ ಅನ್ನುವುದೇ ಗೊತ್ತಿಲ್ಲ. ನಿಮ್ಮ ಜೊತೆ ಊಟ ಮಾಡುವವರಿಗೆ ಹೇಳಿ.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. ಗ್ರೂಪ್ ಪಾಲಿಸಿಯಲ್ಲಿ ನೀವು ಮುಖ್ಯ ಸದಸ್ಯೆ. ಮೆಸೇಜು, ಮೇಲ್ ನಿಮ್ಮ ನಂಬರಿಗೇ ಬರುತ್ತವೆ, ಅತ್ತೆ ಮಾವನಿಗೆ ಹೋಗುವುದಿಲ್ಲ. ಆದರೆ ಟಿಪಿಎಯ ಆ್ಯಪ್ ಇದೆಯಲ್ಲ, ಅದರಲ್ಲಿ ಇಡೀ ಮನೆಯ ಕ್ಲೇಮುಗಳ ಪಟ್ಟಿ ಕಾಣಬಹುದು. ಮಾವನ ಕಣ್ಣಿನ ಆಪರೇಷನ್ ಕ್ಲೇಮು ನೋಡಲು ಮನೆಯಲ್ಲಿ ಯಾರಾದರೂ ಅದೇ ಪಾಸ್‌ವರ್ಡ್ ಹಾಕಿದರೆ ನಿಮ್ಮದೂ ಕಣ್ಣಿಗೆ ಬೀಳುತ್ತದೆ. ಇವತ್ತೇ ಪಾಸ್‌ವರ್ಡ್ ಬದಲಿಸಿ, ನೋಂದಾಯಿಸಿದ ಮೊಬೈಲ್ ನಂಬರು ಯಾರದು ಅಂತ ನೋಡಿ. ಇನ್ನೊಂದು ಕಡೆಯಿಂದಲೂ ವಿಷಯ ಸೋರಬಹುದು, ಅದು ಎಚ್‌ಆರ್ ಕಡೆಯಿಂದ. ರಿನ್ಯೂವಲ್ ಸಮಯದಲ್ಲಿ ಟಿಪಿಎ ಕಂಪನಿಗೆ ಕ್ಲೇಮುಗಳ ಪಟ್ಟಿ ಕಳಿಸುತ್ತದೆ. ಕೆಲವು ಸಲ ಅದರಲ್ಲಿ ಹೆಸರು, ಕಾಯಿಲೆ ಎರಡೂ ಇರುತ್ತವೆ. ‘ನನ್ನ ಕ್ಲೇಮಿನ ಕಾಯಿಲೆಯ ವಿವರವನ್ನು ಕಂಪನಿಗೆ ಕೊಡಬೇಡಿ’ ಅಂತ ಟಿಪಿಎಗೆ ಲಿಖಿತವಾಗಿ ಹೇಳಿಡಿ. ಆಸ್ಪತ್ರೆಯ ಮಟ್ಟಿಗೆ ಕಾನೂನು ಗಟ್ಟಿ ಇದೆ: ಗರ್ಭಪಾತ ಮಾಡಿಸಿಕೊಂಡವಳ ಹೆಸರು, ವಿವರ ಬಹಿರಂಗ ಮಾಡಿದ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. ಅಲ್ಲಿನ ದಾಖಲಾತಿ ಪುಸ್ತಕ ಗುಪ್ತ ದಾಖಲೆ. ಅದರ ನಕಲು ಬೇಕು ಅಂತ ಕ್ಲೇಮಿನವರು ಕೇಳಿದರೆ ಕೊಡಬೇಕಾಗಿಲ್ಲ, ಡಿಸ್ಚಾರ್ಜ್ ಸಮರಿ ಮತ್ತು ಬಿಲ್ಲು ಸಾಕು.

ಮಾವನೋ ಗಂಡನೋ ತಮ್ಮ ಹೆಸರಲ್ಲಿ ಮಾಡಿಸಿದ ಫ್ಯಾಮಿಲಿ ಪಾಲಿಸಿಯಲ್ಲಿರುವ ಹೆಣ್ಣುಮಕ್ಕಳ ಕಥೆ ಬೇರೆ. ಅಲ್ಲಿ ಪ್ರತಿ ಪತ್ರ, ಪ್ರತಿ ಮೆಸೇಜು ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೇ ಹೋಗುತ್ತದೆ. ಮನೆಯಲ್ಲಿ ಗೊತ್ತಾದರೆ ಹೊಡೆತ ಬಡಿತ ಆಗುವ ಪರಿಸ್ಥಿತಿ ಇದ್ದರೆ ಆ ಪಾಲಿಸಿಗೆ ಕ್ಲೇಮು ಹಾಕಲೇಬೇಡಿ ಅಂತ ನಾನು ಹೇಳುತ್ತೇನೆ. ಅಂಥವರಿಗೆ ಸರ್ಕಾರಿ ಆಸ್ಪತ್ರೆಯೇ ಒಳ್ಳೆಯ ದಾರಿ.

ಅಲ್ಲಿಗೆ ನಿಮ್ಮ ತಂಗಿಯ ಮಾತಿಗೆ ಬಂದೆವು. ಅವಳಿಗೆ ‘ಯಾವ ಇನ್ಶೂರೆನ್ಸೂ ಇಲ್ಲ’ ಅಂತ ಬರೆದಿದ್ದೀರಿ. ಬಿಪಿಎಲ್ ಕಾರ್ಡು ಇದ್ದರೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ನಡೆಯುವುದಿಲ್ಲ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರೇ ರೆಫರ್ ಮಾಡುತ್ತಾರೆ. ಗರ್ಭಪಾತಕ್ಕಂತೂ ರೆಫರಲ್ ತನಕ ಹೋಗಬೇಕಾದ ಪ್ರಸಂಗ ಕಡಿಮೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕಾದ ಸೇವೆ. ಜಮಖಂಡಿಯ ತಾಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆ. ಬೆಳಗಾವಿಯವರಿಗೆ ಬಿಮ್ಸ್, ವಿಜಯಪುರದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಹೋಗುವ ಮುಂಚೆ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸ್ತ್ರೀರೋಗ ತಜ್ಞರು ಯಾವ ದಿನ ಇರುತ್ತಾರೆ ಅಂತ ಹೇಳುತ್ತಾರೆ. ಊರಿನ ಆಶಾಗೆ ಹೇಳಲು ಸಂಕೋಚ ಆದರೆ ಆಸ್ಪತ್ರೆಗೇ ಹೋಗಿ ಕೇಳಬಹುದು.

ಅವಳಿಗೆ ಎರಡು ಎಚ್ಚರಿಕೆ ಮಾತ್ರ ಖಂಡಿತ ಹೇಳಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಗರ್ಭಪಾತದ ಗುಳಿಗೆಯ ಕಿಟ್ ತಂದು ನುಂಗುವುದು ಬೇಡ. ಗರ್ಭ ನಾಳದಲ್ಲಿ ನಿಂತಿದ್ದರೆ ಗುಳಿಗೆ ಅದನ್ನು ತೆಗೆಯುವುದಿಲ್ಲ, ರಕ್ತಸ್ರಾವ ಒಳಗೇ ಆಗಿ ಜೀವ ಹೋಗಬಹುದು. ಎರಡನೆಯದು, ಹೆಣ್ಣು ಭ್ರೂಣ ಅಂತ ತಿಳಿದು ತೆಗೆಸಲು ‘ಅಲ್ಲಿ ಮಾಡುತ್ತಾರೆ, ಇಲ್ಲಿ ಮಾಡುತ್ತಾರೆ’ ಅಂತ ಕರೆದೊಯ್ಯುವ ದಲ್ಲಾಳಿಗಳ ಹತ್ತಿರ ಹೋಗಬಾರದು. ಲಿಂಗ ಪತ್ತೆ 1994ರ ಕಾಯ್ದೆಯಡಿ ಅಪರಾಧ. ಅಂಥ ಕಡೆ ಕೈ ಹಾಕುವವರು ಬಹಳ ಸಲ ಡಾಕ್ಟರೇ ಆಗಿರುವುದಿಲ್ಲ.

ನಿಮ್ಮ ತಂಗಿಯೋ ನೀವೋ ಮುಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡರೆ ಆ ಸರ್ಟಿಫಿಕೇಟನ್ನು ಬೀರುವಿನಲ್ಲಿ ಭದ್ರವಾಗಿಡಿ. ಆಪರೇಷನ್ ಫೇಲ್ ಆಗಿ ಗರ್ಭ ನಿಂತರೆ ಸರ್ಕಾರದ ಪರಿಹಾರ ಯೋಜನೆ ಇದೆ. ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು. ಆ ಕಾಗದ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ.

ಸ್ವಂತ ಪಾಲಿಸಿ ತಗೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಹೆರಿಗೆ ಸೌಲಭ್ಯ ಇರುವ ಖಾಸಗಿ ಪಾಲಿಸಿಗಳಲ್ಲಿ ವೇಟಿಂಗ್ ಪೀರಿಯಡ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ, ಕೆಲವರಲ್ಲಿ ಒಂಬತ್ತು ತಿಂಗಳು. ಕೊಡುವ ಹಣಕ್ಕೂ ಮಿತಿ ಇರುತ್ತದೆ. ಇಬ್ಬರು ಮಕ್ಕಳಿರುವ ನಿಮಗೆ ಅದಕ್ಕಾಗಿ ಜಾಸ್ತಿ ಪ್ರೀಮಿಯಂ ಕಟ್ಟುವುದು ಲಾಭವಲ್ಲ. ನಿಮ್ಮ ವಯಸ್ಸಿಗೆ ಗರ್ಭಚೀಲದ ಗಡ್ಡೆ, ಅತಿ ರಕ್ತಸ್ರಾವ, ಗರ್ಭಚೀಲ ತೆಗೆಸುವ ಆಪರೇಷನ್ ಮುಂದೆ ಬರಬಹುದಾದ ಖರ್ಚುಗಳು. ಇವು ಹೆರಿಗೆಯ ಷರತ್ತಿಗೆ ಸೇರುವುದಿಲ್ಲ, ಸಾದಾ ಪಾಲಿಸಿಯಲ್ಲೇ ಬರುತ್ತವೆ, ಸಾಮಾನ್ಯವಾಗಿ ಎರಡು ವರ್ಷದ ಕಾಯುವಿಕೆ ಆದಮೇಲೆ. ಕೆಲಸ ಬಿಟ್ಟ ದಿನ ಕಂಪನಿಯ ಪಾಲಿಸಿಯೂ ಹೋಗುತ್ತದೆ, ಹಾಗಾಗಿ ಆರೋಗ್ಯ ಚೆನ್ನಾಗಿರುವಾಗಲೇ ಸಣ್ಣದೊಂದು ಸ್ವಂತ ಪಾಲಿಸಿ ಶುರು ಮಾಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಪಾಲಿಸಿ ನಿಮ್ಮ ಹೆಸರಲ್ಲಿರಲಿ, ಮೊಬೈಲ್ ನಂಬರೂ ನಿಮ್ಮದೇ ಕೊಡಿ.

ಮೇಲ್‌ಗೆ ವಿಮಾ ಕಂಪನಿಯಿಂದ ಉತ್ತರ ಬಂದ ಮೇಲೆ, ಹೆಸರು, ಕ್ಲೇಮು ನಂಬರು ಅಳಿಸಿ ಆ ಪತ್ರವನ್ನೂ ಹೆರಿಗೆ ಷರತ್ತಿನ ಪುಟವನ್ನೂ ನನಗೆ ಕಳಿಸಿ. ಓಂಬುಡ್ಸ್‌ಮನ್‌ಗೆ ಹೋಗಬೇಕಾ, ಹೋದರೆ ದೂರಿನಲ್ಲಿ ಏನು ಬರೆಯಬೇಕು ಅಂತ ಕೂತು ನೋಡೋಣ.